ಹಿಂಗಾಲು ಸ್ವಾಧೀನ ತಪ್ಪಿದ ಮೊಲವನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ನಿಮ್ಮ ಮೂರು ವರ್ಷದ ಮೊಲ ಮಗುವಿನ ಕೈಯಿಂದ ಜಾರಿ ಬಿದ್ದ ಮೇಲೆ ಹಿಂಗಾಲುಗಳನ್ನು ಎಳೆದುಕೊಂಡು ಓಡಾಡುತ್ತಿದೆ, ಬೆನ್ನುಮೂಳೆಗೆ ಪೆಟ್ಟಾಗಿದೆ ಎಂದು ವೈದ್ಯರು ನೋವಿನ ಔಷಧ ಕೊಟ್ಟು ಕಳುಹಿಸಿದ್ದಾರೆ, ಮುಂದೇನು ಮಾಡಬೇಕು, ಇದು ಬದುಕೀತೇ ಎಂದು ಕೇಳಿದ್ದೀರಿ. ಇಂಥದೇ ಮೊಲವೊಂದನ್ನು ನಮ್ಮ ಮನೆಯಲ್ಲಿ ಬಹುಕಾಲ ಸಾಕಿದ ಅನುಭವದಿಂದ ಹೇಳುವುದಾದರೆ, ಹಿಂಗಾಲು ಸ್ವಾಧೀನ ತಪ್ಪಿತೆಂಬ ಕಾರಣಕ್ಕೇ ಮೊಲ ಸಾಯುವುದು ಕಡಿಮೆ. ಹಿಂಭಾಗ ಸದಾ ಮೂತ್ರದಲ್ಲಿ ಒದ್ದೆಯಾಗಿರುವುದು ಮತ್ತು ಕರುಳಿನ ಚಲನೆ ನಿಲ್ಲುವುದು ಇವೆರಡೇ ಹೆಚ್ಚಿನ ಅಪಾಯ. ಆದ್ದರಿಂದ ನಿಮ್ಮ ದಿನಚರಿ ಈ ಎರಡರ ಸುತ್ತ ಇರಲಿ.

ಮೊದಲು ಪೆಟ್ಟಿನ ವಿಚಾರ. ಬೆಕ್ಕಿನ ಮೂಳೆಗಳು ಅದರ ದೇಹತೂಕದ ಶೇ. 12–13ರಷ್ಟಿದ್ದರೆ ಮೊಲದ್ದು ಶೇ. 7–8 ಮಾತ್ರ, ಹಿಂಗಾಲಿನ ಸ್ನಾಯುಗಳು ಮಾತ್ರ ಅತ್ಯಂತ ಬಲಿಷ್ಠ. ಹೀಗಾಗಿ ಎತ್ತಿಕೊಂಡಾಗ ಹಿಂಭಾಗಕ್ಕೆ ಆಧಾರ ಸಿಗದೆ ಅದು ಜೋರಾಗಿ ಒದ್ದರೆ ಸೊಂಟದ ಬಳಿಯ ಕಶೇರು (ಬೆನ್ನುಮೂಳೆಯ ಮಣಿ) ಆ ಒದೆತದ ಬಲಕ್ಕೇ ಮುರಿಯಬಹುದು. ಹಿಂಗಾಲಿನ ಬೆರಳನ್ನು ಬಲವಾಗಿ ಚಿವುಟಿದಾಗ ಮೊಲ ನೋವನ್ನು ಗುರುತಿಸುತ್ತದೆಯೇ ಎಂದು ವೈದ್ಯರನ್ನು ಕೇಳಿ. ಆ ಸಂವೇದನೆ ಉಳಿದಿದ್ದರೆ ಚೇತರಿಕೆಯ ಆಸೆ ಇಟ್ಟುಕೊಳ್ಳಬಹುದು. ಎಕ್ಸ್‌-ರೇಯಲ್ಲಿ ಮೂಳೆಯ ದೋಷ ಕಾಣದಿದ್ದರೆ ಎನ್‌ಸೆಫಾಲಿಟೊಜೂನ್ ಕ್ಯೂನಿಕ್ಯುಲೈ ಎಂಬ ಪರೋಪಜೀವಿಯ ಸಾಧ್ಯತೆಯನ್ನೂ ವಿಚಾರಿಸಿ. ಅದಕ್ಕೆ ಫೆನ್‌ಬೆಂಡಜೋಲ್ ಔಷಧವನ್ನು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ನಮ್ಮ ಊರುಗಳ ಬಹುಪಾಲು ಪಶುವೈದ್ಯರು ನೋಡುವುದು ಹಸು, ನಾಯಿಗಳನ್ನೇ ಆದ್ದರಿಂದ ಮೊಲ ನೋಡಿ ಅಭ್ಯಾಸವಿದೆಯೇ ಎಂದು ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ. ಬೆಂಗಳೂರಿನ ಹೆಬ್ಬಾಳದಲ್ಲಿರುವಂಥ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರವಿದ್ದರೆ ಅಲ್ಲಿಯೂ ವಿಚಾರಿಸಬಹುದು.

ಇನ್ನು ಒದ್ದೆಯ ಮಾತು. ತೊಡೆಯ ಒಳಭಾಗದ ಕೂದಲನ್ನು ಬೆರಳಿನಿಂದ ಬಿಡಿಸಿ ನೋಡಿದರೆ ಮೇಲೆ ಹಳದಿಯಾಗಿ ಅಂಟಿಕೊಂಡಿರುವ ಕೂದಲಿನ ಕೆಳಗೆ ಚರ್ಮ ಸುಟ್ಟಂತೆ ಕೆಂಪಾಗಿರುವುದು ಕಾಣುತ್ತದೆ. ಇದನ್ನು ದಿನಕ್ಕೆ ಎರಡು ಬಾರಿಯಾದರೂ ಪರೀಕ್ಷಿಸಬೇಕು. ಇಡೀ ಮೊಲಕ್ಕೆ ಸ್ನಾನ ಮಾಡಿಸಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಆ ಭಾಗವನ್ನಷ್ಟೇ ಒರೆಸಿ, ಒಣಬಟ್ಟೆಯಿಂದ ಒತ್ತಿ ತೇವ ತೆಗೆದು, ಅಲ್ಲಿಯ ಕೂದಲನ್ನು ವೈದ್ಯರಲ್ಲಿ ಗಿಡ್ಡವಾಗಿ ಕತ್ತರಿಸಿಕೊಳ್ಳಿ. ಹಾಸಿಗೆಗೆ ಹಳೆಯ ಕಾಟನ್ ಸೀರೆ ಮೆತ್ತಗೆನಿಸಿದರೂ ಅದು ಮೂತ್ರವನ್ನು ಹೀರಿ ಚರ್ಮಕ್ಕೇ ಒತ್ತಿಹಿಡಿಯುತ್ತದೆ. ಔಷಧದಂಗಡಿಯಲ್ಲಿ ವೃದ್ಧರಿಗೆಂದು ಸಿಗುವ ಅಂಡರ್‌ಪ್ಯಾಡ್ ಹಾಸಿ, ಅದರ ಮೇಲೆ ಉಣ್ಣೆಯಂತಿರುವ ಕೃತಕ ನೂಲಿನ ಫ್ಲೀಸ್ ಬಟ್ಟೆಯನ್ನು ಬಿಗಿಯಾಗಿ ಎಳೆದು ಸಿಕ್ಕಿಸಿದರೆ ತೇವ ಕೆಳಗಿಳಿದು ಮೇಲ್ಮೈ ಒಣಗಿರುತ್ತದೆ. ಒಂದೇ ಮಗ್ಗುಲಲ್ಲಿ ಮಲಗುವ ಮೊಲವಾದರೆ ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿಯ ಬಳಿ ಹುಣ್ಣಾಗುತ್ತಿದೆಯೇ ನೋಡಿ. ಮಳೆಗಾಲದಲ್ಲಿ ನೊಣ ಒದ್ದೆ ಕೂದಲಿನಲ್ಲಿ ಮೊಟ್ಟೆಯಿಟ್ಟು, ಒಂದೇ ದಿನದೊಳಗೆ ಹುಳುಗಳಾಗಿ ಮಾಂಸ ತಿನ್ನತೊಡಗಬಹುದು. ಗೂಡಿಗೆ ಸೊಳ್ಳೆಪರದೆ ಹಾಕುವುದು ಕಡ್ಡಾಯವೆಂದೇ ತಿಳಿಯಿರಿ. ಮೂತ್ರ ತಾನಾಗಿ ಹೋಗದಿದ್ದರೆ ಹೊಟ್ಟೆಯನ್ನು ಮೃದುವಾಗಿ ಒತ್ತಿ ಮೂತ್ರಕೋಶ ಖಾಲಿ ಮಾಡಬೇಕಾಗುತ್ತದೆ. ಇದನ್ನು ವೈದ್ಯರ ಎದುರಿನಲ್ಲೇ ಕಲಿಯಬೇಕು, ಏಕೆಂದರೆ ಒತ್ತಡ ಹೆಚ್ಚಾದರೆ ಮೂತ್ರಕೋಶ ಒಡೆಯುವ ಅಪಾಯವಿದೆ.

ಹೊಟ್ಟೆಯ ವಿಷಯದಲ್ಲಿ ಹಲವರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಗಟ್ಟಿ ಹಿಕ್ಕೆಗಳಲ್ಲದೆ ಮೊಲ ದ್ರಾಕ್ಷಿಗೊಂಚಲಿನಂಥ ಮೆತ್ತನೆಯ ಹಿಕ್ಕೆಯನ್ನೂ ಹಾಕುತ್ತದೆ, ಅದನ್ನು ಗುದದ್ವಾರದಿಂದಲೇ ಬಾಯಿ ಹಾಕಿ ತಿನ್ನುತ್ತದೆ, ಅದರಿಂದಲೇ ಬಿ ಜೀವಸತ್ವಗಳನ್ನು ಪಡೆಯುತ್ತದೆ. ಬೆನ್ನು ಬಾಗದ ಮೊಲಕ್ಕೆ ಇದು ಎಟುಕುವುದಿಲ್ಲವಾದ್ದರಿಂದ ಅದನ್ನು ನೀವೇ ಎತ್ತಿ ಬಾಯಿಯ ಬಳಿ ಇಡಬೇಕು. ಅಸಹ್ಯವೆನಿಸಬಹುದು, ಆದರೆ ಮೊಲಕ್ಕೆ ಅದು ಊಟವೇ. ಒಣಹುಲ್ಲು ಮತ್ತು ಅಗಲ ಬಟ್ಟಲಿನ ನೀರು ಸದಾ ಮುಖದ ಮುಂದೆಯೇ ಇರಲಿ. ಗರಿಕೆ, ಕೊತ್ತಂಬರಿ ಸೊಪ್ಪು ಕೊಡಬಹುದು. ಕ್ಯಾಲ್ಸಿಯಂ ಹೆಚ್ಚಿರುವ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಮಾತ್ರ ಬೇಡ, ಮೂತ್ರಕೋಶ ಪೂರ್ತಿ ಖಾಲಿಯಾಗದ ಮೊಲದಲ್ಲಿ ಆ ಕ್ಯಾಲ್ಸಿಯಂ ಕೆಸರಿನಂತೆ ತಳದಲ್ಲಿ ನಿಲ್ಲುತ್ತದೆ. ಹತ್ತು ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಮನುಷ್ಯರ ನೋವಿನ ಮಾತ್ರೆಗಳನ್ನು ಕೊಡಬೇಡಿ. ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಬಾಯಿಗೆ ಹಾಕಿದರೆ ಮೊಲದ ಕರುಳು ಕೆಟ್ಟು ಜೀವಕ್ಕೇ ಕುತ್ತಾಗಬಹುದು. ಹಿಂಗಾಲಿಗೆ ಆಧಾರವಾಗಿ ಕಟ್ಟುವ ಚಕ್ರದ ಗಾಡಿಗೂ ಈಗಲೇ ಅವಸರ ಬೇಡ: ಮೊದಲ ಕೆಲವು ವಾರ ಚಿಕ್ಕ ಜಾಗದಲ್ಲಿ ವಿಶ್ರಾಂತಿಯೇ ಮುಖ್ಯ, ಆಮೇಲೂ ಗಾಡಿಯ ಭಾರ ಮುಂಗಾಲಿಗೆ ಬೀಳುವುದರಿಂದ ಎಲ್ಲ ಮೊಲಗಳೂ ಅದಕ್ಕೆ ಒಗ್ಗುವುದಿಲ್ಲ.

ಬದುಕೀತೇ ಎಂಬ ಪ್ರಶ್ನೆಗೆ ನನ್ನ ಅಳತೆಗೋಲು ಇಷ್ಟು: ನೀವು ಬಂದಾಗ ಕಿವಿ ನಿಮಿರಿಸಿ, ತಾನಾಗಿ ಹುಲ್ಲು ತಿಂದು, ಮುಖ ಒರೆಸಿಕೊಳ್ಳುವ ಮೊಲಕ್ಕೆ ಕಾಲಿಲ್ಲದಿದ್ದರೂ ಬಾಳುವ ಮನಸ್ಸಿದೆ. ನೋವು ಹತೋಟಿಗೆ ಬಾರದೆ ಹಲ್ಲು ಕಟಕಟ ಕಡಿಯುತ್ತ ಮೂಲೆಯಲ್ಲಿ ಮುದುರುತ್ತಿದ್ದರೆ, ಹುಣ್ಣು ಮಾಯದೆ ಹರಡುತ್ತಿದ್ದರೆ, ದಯಾಮರಣದ ಮಾತನ್ನು ವೈದ್ಯರೆದುರು ನೀವೇ ಎತ್ತಿ. ಅವರಾಗಿಯೇ ಹೇಳಲಿ ಎಂದು ಕಾಯಬೇಡಿ.