ಮಾತ್ರೆ ಬಿಟ್ಟು ಅಶ್ವಗಂಧವಾ? ಸ್ವಲ್ಪ ತಡೀರಿ

ಅಮ್ಮನ ಖಿನ್ನತೆಯ ಮಾತ್ರೆ ನಿಲ್ಲಿಸಿ ಅಶ್ವಗಂಧ, ತಿಮರೆ (ಒಂದೆಲಗ) ಶುರು ಮಾಡಬಹುದಾ ಅಂತ ಕೇಳಿದ್ದೀರಿ. ಒಮ್ಮೆಲೇ ನಿಲ್ಲಿಸಬೇಡಿ ಮಾರಾಯ್ರೆ. ನಾನು ಮಾಡಿ ನೋಡಿದವನು. ಮೂರನೇ ದಿನಕ್ಕೆ ತಲೆ ತಿರುಗಿ ಸಿಟಿ ಬಸ್ಸಿನ ಕಂಬಿ ಹಿಡಿದು ನಿಂತಿದ್ದೆ. ಬಿಡುವುದಾದರೆ ಡಾಕ್ಟರ್ ಹೇಳಿದ ಹಾಗೆ, ವಾರಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ತಿಮರೆ ಚಟ್ನಿ, ತಂಬುಳಿ ಊಟಕ್ಕೆ ಇರಲಿ. ಮದ್ದಿನ ಜಾಗಕ್ಕೆ ಬೇಡ. ಅಶ್ವಗಂಧದ ವಿಷಯ ಬೇರೆ. ಥೈರಾಯ್ಡ್ ಮಾತ್ರೆ, ನಿದ್ರೆ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಆಗಿಬರುವುದಿಲ್ಲ. ಅಪರೂಪಕ್ಕೆ ಲಿವರ್‌ಗೂ ಪೆಟ್ಟು ಕೊಟ್ಟದ್ದುಂಟು. "ಗಿಡಮೂಲಿಕೆ ಅಲ್ವಾ, ಏನಾಗ್ತದೆ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನನಗೆ ಉಪಕಾರ ಆದದ್ದು ನಡಿಗೆ. ಮಲ್ಪೆಯಲ್ಲಿ ಬೆಳಿಗ್ಗೆ ಆರೂವರೆಗೆ, ಒದ್ದೆ ಮರಳಿನಲ್ಲಿ ಬರಿಗಾಲಲ್ಲಿ ಅರ್ಧ ಗಂಟೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿ ನಿದ್ರೆಯೂ ಹೊತ್ತಿಗೆ ಸರಿಯಾಗಿ ಬರುತ್ತದೆ. ಅಮ್ಮನೊಬ್ಬರನ್ನೇ ಕಳಿಸಬೇಡಿ, ನೀವೂ ಹೋಗಿ. ಮಳೆಗಾಲದಲ್ಲಿ ಸುಮ್ನೆ ಜಗಲಿಯಲ್ಲಿ ನಡೆದರೂ ಆದೀತು. ಸಂಜೆ ನಾಲ್ಕರ ನಂತರ ಕಾಫಿ ಬೇಡ ಅನ್ನಿ, ಬೈಸಿಕೊಳ್ಳಲು ತಯಾರಿರಿ.

ಅವರು "ಬದುಕೇ ಸಾಕು" ಅನ್ನುವ ಹಾಗೆ ಮಾತಾಡಿದರೆ ಮಾತ್ರ ಕಾಯಬೇಡಿ. ಟೆಲಿ ಮಾನಸ್ ಅಂತ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಉಂಟು, 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.