ಧಾರವಾಡದ ಸಪ್ತಾಪುರದಲ್ಲಿ ಓದುವವರಿಗೆ ಮನೆಯ ಅನುಕೂಲ ದೊಡ್ಡದೋ, ಶ್ರಮ ದೊಡ್ಡದೋ?

ನೀವು ಕೇಳಿದ್ದು: ‘ನವಲಗುಂದದ ಒಕ್ಕಲುತನದ ಮನಿಯಿಂದ ಬಂದು ಧಾರವಾಡದಾಗ ಯುಪಿಎಸ್‌ಸಿಗೆ ಓದಾಕತ್ತೀನಿ. ಅನುಕೂಲಸ್ಥರ ಮಕ್ಕಳ ಮುಂದ ನಮ್ಮ ಶ್ರಮ ನಡೀತದೇನ್ರಿ?’

ನಡೆಯುತ್ತದೆ, ಆದರೆ ಎಲ್ಲ ಕಡೆ ಒಂದೇ ಸಮ ಅಲ್ಲ. ಉಳ್ಳವರ ಮಕ್ಕಳು ನಿಮಗಿಂತ ಜಾಣರು ಅಂತೇನಿಲ್ಲ. ಅವರಿಗೆ ಸೋಲಲಿಕ್ಕೆ ಪುರಸೊತ್ತಿದೆ, ಅಷ್ಟೇ. ನಿಯಮದ ಪ್ರಕಾರ ಸಾಮಾನ್ಯ ವರ್ಗಕ್ಕೆ 32 ವರ್ಷದವರೆಗೆ 6 ಪ್ರಯತ್ನ, ಒಬಿಸಿಗೆ 35ರವರೆಗೆ 9, ಪರಿಶಿಷ್ಟರಿಗೆ 37ರವರೆಗೆ ಎಷ್ಟಾದರೂ. ಆದರೆ ಖೋಲಿ ಬಾಡಿಗೆ, ಖಾನಾವಳಿ, ಲೈಬ್ರರಿ ಸೀಟಿನ ದುಡ್ಡನ್ನು ಎರಡೇ ವರ್ಷ ತಡೆದುಕೊಳ್ಳಬಲ್ಲ ಮನೆಗೆ ಆ 9 ಬರೀ ಕಾಗದದ ಲೆಕ್ಕ. ಮೇಲಾಗಿ ಮೊದಲ ಸುತ್ತಿನ ಪರೀಕ್ಷೆ ಪ್ರಿಲಿಮ್ಸ್ ಸಾಮಾನ್ಯವಾಗಿ ಮೇ ಕೊನೆಗೋ ಜೂನ್‌ಗೋ ಬರುತ್ತದೆ, ಹೆಸರು ಬಿತ್ತುವ ಹೊತ್ತಿಗೆ. ಎರಡನೇ ಸುತ್ತಿನ ಮೇನ್ಸ್ ಆಗಸ್ಟ್–ಸೆಪ್ಟೆಂಬರ್‌ಗೆ, ಹೆಸರು ಬಿಡಿಸುವ ಹೊತ್ತಿಗೆ. ‘ನಾಕ್ ದಿನ ಬಂದು ಹೋಗೋ’ ಅಂತ ಅಪ್ಪನ ಫೋನು ಅಧಿಕಾರಿಯ ಮಗನಿಗೆ ಬರುವುದಿಲ್ಲ.

ಹಾಗಾಗಿ ಪ್ರಯತ್ನಗಳನ್ನು ಕೈಬಿಗಿ ಹಿಡಿದು ಖರ್ಚು ಮಾಡಿ. ಬರೀ ಅರ್ಜಿ ಹಾಕಿದರೆ ಪ್ರಯತ್ನ ಲೆಕ್ಕಕ್ಕೆ ಬರುವುದಿಲ್ಲ; ಪ್ರಿಲಿಮ್ಸ್‌ನ ಒಂದು ಪೇಪರ್‌ಗೆ ಕುಳಿತರೂ ಬರುತ್ತದೆ. ‘ಅನುಭವಕ್ಕೆ ಒಂದ್ಸಲ’ ಅನ್ನುವ ಸಲಹೆ ನಿಮಗಲ್ಲ.

ಹುಟ್ಟಿದ ಮನೆ ಎದ್ದು ಕಾಣುವ ಇನ್ನೊಂದು ಜಾಗ ಸಿಸ್ಯಾಟ್, ಅಂದರೆ ಓದಿ ಅರ್ಥಮಾಡಿಕೊಳ್ಳುವುದು, ಲೆಕ್ಕ, ತರ್ಕ ಇರುವ ಪ್ರಿಲಿಮ್ಸ್‌ನ ಎರಡನೇ ಪೇಪರ್. ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಮೇನ್ಸ್ ಕನ್ನಡದಲ್ಲಿ ಬರೆಯಬಹುದು, ಆದರೆ ಅಲ್ಲಿಗೆ ಮುಟ್ಟಬೇಕಲ್ಲ! ಸಿಸ್ಯಾಟ್‌ನಲ್ಲಿ 80 ಪ್ರಶ್ನೆ, ತಲಾ 2.5 ಅಂಕ, ಬೇಕಾಗಿದ್ದು 200ಕ್ಕೆ ಶೇ 33, ಅಂದರೆ 66. ಒಂದೂ ತಪ್ಪಿಲ್ಲದಿದ್ದರೆ 27 ಸರಿ ಉತ್ತರ ಸಾಕು. ಮೂರು ತಪ್ಪಾದರೆ ಒಂದು ಸರಿ ಉತ್ತರದ ಅಂಕ ಹೋಗುತ್ತದೆ. 45 ಬರೆದು 33 ಸರಿ, 12 ತಪ್ಪು ಮಾಡಿದರೆ 72.5 ಬಂತು, ದಾಟಿದಿರಿ. ಅಷ್ಟೂ 80 ಮುಗಿಸುವ ಹಟವೇ ಬಹಳ ಜನರನ್ನು ಕೆಡವುತ್ತದೆ.

ಆಯೋಗದ ಜಾಲತಾಣದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಮೊದಲ ತಿಂಗಳಿಂದಲೇ ವಾರಕ್ಕೊಂದು, ಗಡಿಯಾರ ಇಟ್ಟುಕೊಂಡು 2 ತಾಸು ಬರೆಯಿರಿ. ಆಮೇಲೆ ತಪ್ಪುಗಳನ್ನು ಮೂರು ಪಾಲು ಮಾಡಿ: ಶಬ್ದ ಗೊತ್ತಿರಲಿಲ್ಲ, ಪ್ರಶ್ನೆ ತಪ್ಪು ಓದಿದೆ, ಸುಮ್ಮನೆ ಊಹಿಸಿದೆ. ಮೂರನೆಯ ಪಾಲನ್ನು ಮೊದಲು ಇಳಿಸಿ. ಅದಕ್ಕೆ ಇಂಗ್ಲಿಷೂ ಬೇಡ, ದುಡ್ಡೂ ಬೇಡ. ಕೊನೆಯ ತಿಂಗಳಿಗೆ ನೋಡೋಣ ಅಂದರೆ ಮೊದಲನೆಯ ಪಾಲು ಇಳಿಯುವುದಿಲ್ಲ, ಅದು ದಿನಾ ಒಂದು ಇಂಗ್ಲಿಷ್ ಸಂಪಾದಕೀಯ ಓದಿಯೇ ಇಳಿಯಬೇಕು. ಜಿಎಸ್ (ಸಾಮಾನ್ಯ ಅಧ್ಯಯನ) ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಲ್ಲಿ ನಿಮ್ಮದೂ ಅವರದೂ ಒಂದೇ ಪುಸ್ತಕ.

ದುಡ್ಡು ಎರಡೇ ವರ್ಷದ್ದಾದರೆ ಜೊತೆಗೆ ರಾಜ್ಯದ ಕೆಪಿಎಸ್‌ಸಿ ಪರೀಕ್ಷೆಯನ್ನೂ ಬರೆಯಿರಿ. ಪ್ರಶ್ನೆಗಳು ಕನ್ನಡದಲ್ಲೂ ಇರುತ್ತವೆ. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು ಉಂಟು. ನಿಮ್ಮ ಪಾಲಿನ ಅನುಕೂಲ ಇದು, ನಾಚಿಕೊಳ್ಳಬೇಡಿ. 1ರಿಂದ 10ನೇ ತರಗತಿವರೆಗೆ ಎಲ್ಲಿ ಓದಿದಿರೋ ಆ ಶಾಲೆಯ ಪ್ರಮಾಣಪತ್ರ ಬೇಕು, ಗ್ರಾಮೀಣದ್ದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು. ನಮೂನೆ ಅಧಿಸೂಚನೆಯಲ್ಲೇ ಇರುತ್ತದೆ. ಅರ್ಜಿಯ ಕೊನೇ ದಿನದ ನಂತರದ ತಾರೀಖಿದ್ದರೆ ನಡೆಯುವುದಿಲ್ಲ. ಬೇಸಿಗೆ ರಜೆಯಲ್ಲಿ ಹೆಡ್‌ಮಾಸ್ತರು ಕೈಗೆ ಸಿಗುವುದು ಕಷ್ಟ, ಶಾಲೆ ನಡೆಯುವಾಗಲೇ ಹೋಗಿ ಮಾಡಿಸಿಟ್ಟುಕೊಳ್ಳಿ.