ಬಚ್ಚಲ ಗೋಡೆಯ ಜೇಡ: ಹೊಡೆಯೋದಾ, ಬಿಡೋದಾ?

ಮಳೆ ಶುರುವಾದಾಗಿನಿಂದ ನನಗೆ ಬರುತ್ತಿರುವ ಪ್ರಶ್ನೆಗಳಲ್ಲಿ ಜೇಡದ್ದೇ ಜಾಸ್ತಿ. ಕೆಲವರಿಗೆ ಭಯ, ಕೆಲವರಿಗೆ ಅಸಹ್ಯ. ಇನ್ನು ಕೆಲವರಿಗೆ ಹೊಡೆಯೋಕೆ ಕೈ ಎತ್ತಿದ ಮೇಲೆ ಮನಸ್ಸು ಬರುವುದಿಲ್ಲ. ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ನನಗೆ ಈ ಮೂರೂ ಅರ್ಥ ಆಗುತ್ತವೆ. ಈ ಸಲ ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ದಾವಣಗೆರೆ ನಿಟುವಳ್ಳಿ. ಬಚ್ಚಲಮನೆ ಗೋಡೆ ಮೇಲೆ ಅಂಗೈ ಅಗಲದ ಜೇಡ ಒಂದು ವಾರದಿಂದ ಕೂತಿದೆ. ಹೊಟ್ಟೆ ಕೆಳಗೆ ಬಿಳಿ ಬಿಲ್ಲೆಯಂಥದ್ದು ಹಿಡಿದುಕೊಂಡಿದೆ. ನಮ್ಮ ಮನೆಯವರು ಚಪ್ಪಲಿ ತಗೊಂಡು ಹೊರಟರು. ಅತ್ತೆ "ಬಸುರಿ ಜೀವ, ಹೊಡೀಬೇಡಪ್ಪ" ಅಂತ ತಡೆದರು. ನನಗೆ ಸ್ನಾನಕ್ಕೆ ಹೋಗೋಕೇ ಭಯ. ಸಾಯಿಸಿದರೆ ಸಂಕಟ. ಏನು ಮಾಡಲಿ?

ಉತ್ತರ: ನಿಮ್ಮ ಅತ್ತೆಯವರ ಮಾತು ಹೆಚ್ಚುಕಮ್ಮಿ ಸರಿ. ಆ ಬಿಳಿ ಬಿಲ್ಲೆ ಮೊಟ್ಟೆ ಚೀಲ. ತನ್ನದೇ ನೂಲಿನಲ್ಲಿ ನೂರಾರು ಮೊಟ್ಟೆ ಸುತ್ತಿಟ್ಟು, ಮರಿ ಆಗುವವರೆಗೂ ತಾಯಿ ಅದನ್ನು ಮೈ ಕೆಳಗೆ ಹಿಡಿದುಕೊಂಡೇ ಇರುತ್ತದೆ. ಆ ದಿನಗಳಲ್ಲಿ ಓಡಾಟ ಕಡಿಮೆ. ಅದಕ್ಕೇ ವಾರದಿಂದ ಒಂದೇ ಕಡೆ ಕೂತಿರುವುದು.

ಇದು ಬಲೆ ಕಟ್ಟಿ ಕಾಯುವ ಜೇಡ ಅಲ್ಲ. ರಾತ್ರಿ ಹೊತ್ತು ಓಡಿ ಹಿಡಿಯುವ ಜಾತಿ. ವಿಜ್ಞಾನದ ಹೆಸರು ಹೆಟೆರೊಪೋಡಾ ವೆನಟೋರಿಯಾ. ಜಗತ್ತಿನ ಬೆಚ್ಚಗಿನ ದೇಶಗಳಲ್ಲೆಲ್ಲ ಮನುಷ್ಯರ ಮನೆಗಳಲ್ಲಿ ಇದು ಸಿಗುತ್ತದೆ. ಜಿರಳೆ ಎಂದರೆ ಇದಕ್ಕೆ ಬಲು ಇಷ್ಟ. ಬಚ್ಚಲ ಜಾಲರಿಯಿಂದ ಜಿರಳೆ ಮೇಲೆ ಬರುತ್ತದೆ, ಅದನ್ನು ಹುಡುಕಿಕೊಂಡು ಇದು ಬರುತ್ತದೆ.

ಒಂದು ಸಲ ಬಾಗಿಲಲ್ಲೇ ನಿಂತು ಅದರ ಮುಖ ನೋಡಿ. ಕಣ್ಣುಗಳ ಕೆಳಗೆ ಅಡ್ಡಕ್ಕೆ ಒಂದು ಬೆಳ್ಳನೆ ಪಟ್ಟಿ ಇದೆ, ವಿಭೂತಿ ಎಳೆದ ಹಾಗೆ. ನಾನು ಮೊದಲ ಸಲ ಅದನ್ನು ಗಮನಿಸಿದ್ದು ನಮ್ಮ ಮನೆಯ ಒಲೆ ಹಿಂದಿನ ಗೋಡೆ ಮೇಲೆ, ಟಾರ್ಚ್ ಹಿಡಿದು. ಅಲ್ಲಿಯವರೆಗೆ ನನಗೂ ಅದು ಬರೀ ಎಂಟು ಕಾಲಾಗಿತ್ತು.

ನಿಮ್ಮ ಭಯ ಸುಳ್ಳಲ್ಲ. ಅದು ಚಪ್ಪಟೆಯಾಗಿ ಗೋಡೆಗೆ ಅಂಟಿಕೊಂಡಿರುತ್ತದೆ, ಏಡಿ ಹಾಗೆ ಅಡ್ಡಡ್ಡ ಓಡುತ್ತದೆ, ಯಾವ ಕಡೆಗೆ ಹೋಗುತ್ತೋ ಗೊತ್ತಾಗುವುದಿಲ್ಲ. ಲೈಟ್ ಹಾಕಿದ ತಕ್ಷಣ ಅದು ಓಡುವುದು ಸಂದಿ ಹುಡುಕಿಕೊಂಡು. ಬಚ್ಚಲು ಚಿಕ್ಕದು, ಸಂದಿ ನಮ್ಮ ಕಡೆಗೇ ಇದ್ದರೆ ಮೈ ಮೇಲೆ ಬಂತು ಅನ್ನಿಸುತ್ತದೆ. ಹಾಗಾಗಿ ಲೈಟ್ ಹಾಕಿ, ಬಾಗಿಲು ಎರಡು ಸಲ ತಟ್ಟಿ, ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋಗಿ. ಅಷ್ಟರಲ್ಲಿ ಅದು ತನ್ನ ಜಾಗ ಸೇರಿರುತ್ತದೆ. ಕಚ್ಚುತ್ತಾ ಅಂದರೆ, ಕೈಯಲ್ಲಿ ಹಿಡಿದು ಒತ್ತಿದರೆ ಕಚ್ಚಬಹುದು. ನೋವು, ಸ್ವಲ್ಪ ಊತ ಬರುತ್ತದೆ, ಹೋಗುತ್ತದೆ. ಊತ ಹರಡಿದರೆ, ಉಸಿರಿಗೆ ತೊಂದರೆ ಆದರೆ ಆಸ್ಪತ್ರೆಗೆ ಹೋಗಬೇಕು. ಆ ಮಾತು ಯಾವ ಹುಳ ಕಚ್ಚಿದರೂ ಅನ್ವಯ.

ಇಟ್ಟುಕೊಳ್ಳೋಕೆ ಆಗಲ್ಲ ಅಂದರೆ ಮರಿ ಹೊರಬರುವ ಮೊದಲೇ ಸಾಗಿಸಿ. ಹಗಲು ಹೊತ್ತಲ್ಲಿ, ಅದು ಅಲ್ಲಾಡದೆ ಕೂತಿರುವಾಗ, ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ನಿಧಾನಕ್ಕೆ ಮೇಲೆ ಕವಿಚಿ. ಕಾಲು ಅಂಚಿಗೆ ಸಿಗಬಾರದು, ಸಿಕ್ಕರೆ ಕಾಲನ್ನೇ ಕಳಚಿಕೊಂಡು ಓಡುತ್ತದೆ. ಆಮೇಲೆ ಗೋಡೆ ಮತ್ತು ಡಬ್ಬಿ ನಡುವೆ ದಪ್ಪನೆಯ ಲಗ್ನಪತ್ರಿಕೆ ತೂರಿಸಿ. ನ್ಯೂಸ್‌ಪೇಪರ್ ಬೇಡ, ಬಗ್ಗುತ್ತದೆ. ಕಾಂಪೌಂಡಿನ ಕಟ್ಟಿಗೆ ರಾಶಿಯ ಹತ್ತಿರ ಬಿಡಿ. ಮೊಟ್ಟೆ ಚೀಲ ಅದರ ಜತೆಗೇ ಹೋಗುತ್ತದೆ, ಬೀಳಿಸುವುದಿಲ್ಲ. ನಿಮ್ಮ ಯಜಮಾನರಿಗೆ ಚಪ್ಪಲಿ ಬದಲು ಡಬ್ಬಿ ಕೊಡಿ.

ಪ್ರಶ್ನೆ: ದೇವರ ಮನೆಯಲ್ಲಿ ಜೇಡ ಬಲೆ ಕಟ್ಟಿದರೆ ದರಿದ್ರ ಅಂತಾರೆ. ಎಷ್ಟು ತೆಗೆದರೂ ಮತ್ತೆ ಕಟ್ಟುತ್ತೆ. ಮನಸ್ಸಿಗೆ ಕಿರಿಕಿರಿ. (ಚಳ್ಳಕೆರೆ)

ಉತ್ತರ: ಶ್ರೀಕಾಳಹಸ್ತಿಯ ಕಥೆ ನಿಮಗೂ ಗೊತ್ತಿರುತ್ತದೆ. ಅಲ್ಲಿ ಶ್ರೀ ಅಂದರೆ ಜೇಡ, ಕಾಳ ಅಂದರೆ ಹಾವು, ಹಸ್ತಿ ಅಂದರೆ ಆನೆ. ಶಿವಲಿಂಗದ ಮೇಲೆ ಬಲೆ ನೇಯ್ದು ಪೂಜೆ ಮಾಡಿದ ಜೇಡದ ಹೆಸರೇ ಊರಿನ ಹೆಸರಿನಲ್ಲಿ ಮೊದಲು ಬರುತ್ತದೆ. ನಮ್ಮ ಕನ್ನಡದಲ್ಲೂ ಜೇಡ ಅಂದರೆ ನೇಕಾರ. ಜೇಡರ ದಾಸಿಮಯ್ಯ ಮಗ್ಗದ ಶರಣ. ಹೀಗಿರುವಾಗ ಅದು ದೇವರ ಮನೆಗೆ ದರಿದ್ರ ತರುತ್ತದೆ ಅಂತ ನಾನು ಒಪ್ಪುವುದಿಲ್ಲ.

ಧೂಳು ಹಿಡಿದ ಬಲೆ ತೆಗೆಯಿರಿ, ಅದು ಸಾಮಾನ್ಯವಾಗಿ ಬಿಟ್ಟುಹೋದ ಬಲೆ. ಮೂಲೆಯಲ್ಲಿ ಕೂದಲೆಳೆಯಂಥ ಉದ್ದ ಕಾಲಿನ ಜೇಡ ತಲೆಕೆಳಗಾಗಿ ನೇತಾಡುತ್ತಿದ್ದರೆ, ಮುಟ್ಟಿದಾಗ ಗಿರಗಿರ ನಡುಗಿದರೆ, ಅದು ಸೊಳ್ಳೆ ಹಿಡಿಯುವ ಜೇಡ. ಇದರ ಒಂದು ಜಾತಿಯನ್ನು ಡೆಂಗಿ ಸೊಳ್ಳೆ ತಿನ್ನುವ ಜೀವಿ ಅಂತಲೇ 1990ರ ದಶಕದಲ್ಲಿ ಥಾಯ್ಲೆಂಡಿನಲ್ಲಿ ಅಧ್ಯಯನ ಮಾಡಿದ್ದಾರೆ. ಹಾಗಂತ ಡ್ರಮ್ಮು, ಸಂಪಿನ ಮುಚ್ಚಳ ತೆಗೆದಿಟ್ಟು ಜೇಡವನ್ನೇ ನಂಬಬೇಡಿ. ಇನ್ನೊಂದು ಮಾತು: ಕೈ ಕುಯ್ದಾಗ ಬಲೆ ಅಂಟಿಸುವ ಹಳೇ ರೂಢಿ ಬಿಟ್ಟುಬಿಡಿ. ಗಾಯಕ್ಕೆ ಧೂಳು, ನಂಜು ಸೇರುತ್ತದೆ.

ಪ್ರಶ್ನೆ: ನಾವು ಮಲೇಬೆನ್ನೂರು ಕಡೆಯ ರೈತರು. ಭತ್ತ ಕೊಯ್ಯೋ ಟೈಮಲ್ಲಿ ನನಗೂ ಮಗನಿಗೂ ಬೆಳಿಗ್ಗೆ ಏಳೋವಷ್ಟರಲ್ಲಿ ಕುತ್ತಿಗೆ ಮೇಲೆ ಉರಿ, ಕೆಂಪು ಗೆರೆ, ಆಮೇಲೆ ಸಣ್ಣ ಗುಳ್ಳೆ. ಎಲ್ಲರೂ "ಜೇಡ ಉಚ್ಚೆ ಹೊಯ್ದಿದೆ" ಅಂತಾರೆ. ನನ್ನ ಹೆಂಡತಿ ಮನೆಯಲ್ಲಿರೋ ಜೇಡ ಎಲ್ಲಾ ಹೊಡೆದು ಹಾಕಿದಳು. ಆದರೂ ಮತ್ತೆ ಆಯ್ತು.

ಉತ್ತರ: ಅಣ್ಣ, ನಿಮ್ಮ ಪ್ರಶ್ನೆಗೆ ಉತ್ತರ ಪ್ರಶ್ನೆಯಲ್ಲೇ ಇದೆ. ಜೇಡ ಎಲ್ಲಾ ಹೋದ ಮೇಲೂ ಮತ್ತೆ ಆಯ್ತು ಅಲ್ವಾ? ಇದು ಜೇಡದ ಕೆಲಸ ಅಲ್ಲವೇ ಅಲ್ಲ. ಯಾವ ಜೇಡವೂ ಮಲಗಿದವರ ಮೇಲೆ ಉಚ್ಚೆ ಹೊಯ್ದು ಗುಳ್ಳೆ ಎಬ್ಬಿಸುವುದಿಲ್ಲ.

ನೀವು ಬರೆದ ಲಕ್ಷಣ ನೋಡಿದರೆ ನನಗೆ ಅನುಮಾನ ಪೀಡೆರಸ್ ಅನ್ನುವ ಹುಳುವಿನ ಮೇಲೆ. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ಇರುವೆ ಹಾಗೆ ಕಾಣುತ್ತದೆ. ತಲೆ ಕಪ್ಪು, ಎದೆ ಕಿತ್ತಳೆ, ನಡುವೆ ನೀಲಿ-ಹಸಿರು ಮಿಂಚುವ ಗಿಡ್ಡ ರೆಕ್ಕೆಕವಚ, ಹಿಂದೆ ಮತ್ತೆ ಕಿತ್ತಳೆ, ತುದಿ ಕಪ್ಪು. ಭದ್ರಾ ನೀರು ನಿಲ್ಲುವ ಗದ್ದೆಯಂಥ ತೇವದ ಜಾಗ ಅದಕ್ಕೆ ತವರು. ಕೊಯ್ಲಾದಾಗ ಇರೋ ಜಾಗ ಹೋಗುತ್ತದೆ, ರಾತ್ರಿ ಟ್ಯೂಬ್‌ಲೈಟ್ ಬೆಳಕಿಗೆ ಮನೆಗೆ ಬರುತ್ತದೆ. ಅದು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಕುತ್ತಿಗೆ ಮೇಲೆ ಹರಿದಾಡಿದಾಗ ನಾವು ನಿದ್ದೆಗಣ್ಣಲ್ಲಿ ಉಜ್ಜಿಬಿಡುತ್ತೇವೆ. ಮೈ ಜಜ್ಜಿದಾಗ ಒಳಗಿನ ಪೆಡೆರಿನ್ ಅನ್ನುವ ವಿಷ ಚರ್ಮಕ್ಕೆ ಮೆತ್ತಿಕೊಳ್ಳುತ್ತದೆ. ಉಜ್ಜಿದ ದಾರಿಯಲ್ಲೇ ಗೆರೆ ಬೀಳುತ್ತದೆ. ಗುಳ್ಳೆ ಏಳೋಕೆ ಒಂದು ದಿನವೋ ಎರಡು ದಿನವೋ ಹಿಡಿಯುವುದರಿಂದ ಆ ಹೊತ್ತಿಗೆ ಹುಳುವಿನ ನೆನಪೇ ಇರುವುದಿಲ್ಲ. ತಲೆ ಎತ್ತಿ ನೋಡಿದರೆ ಮೂಲೆಯಲ್ಲಿ ಜೇಡ ಕಾಣುತ್ತದೆ, ತಪ್ಪೆಲ್ಲ ಅದರ ತಲೆಗೆ.

ನೂರಾರು ವರ್ಷದಿಂದ ಹೀಗೆ ಬೈಸಿಕೊಂಡ ಪ್ರಾಣಿ ಬಗ್ಗೆ ನನಗೆ ನಿಜವಾಗಿಯೂ ಬೇಜಾರಿದೆ. ಗದ್ದೆಯಲ್ಲಿ ಕಂದು ಜಿಗಿಹುಳುವನ್ನು ಹಿಡಿದು ತಿನ್ನುವವರಲ್ಲಿ ಜೇಡ ಮುಖ್ಯ, ನಿಮಗೇ ಗೊತ್ತು. ಆ ಪೀಡೆರಸ್ ಕೂಡ ಗದ್ದೆಯಲ್ಲಿ ನಿಮ್ಮ ಕಡೆಯದೇ, ಅದೂ ಪೈರಿನ ಹುಳು ತಿನ್ನುತ್ತದೆ. ಹಾಸಿಗೆಗೆ ಬಂದಾಗ ಮಾತ್ರ ತೊಂದರೆ.

ಮೈ ಮೇಲೆ ಕಂಡರೆ ಹೊಸಕಬೇಡಿ, ಊದಿ ಹಾರಿಸಿ. ಉಜ್ಜಿಬಿಟ್ಟರೆ ತಕ್ಷಣ ಸೋಪು ಹಾಕಿ ತೊಳೆಯಿರಿ, ಅದೇ ಕೈ ಕಣ್ಣಿಗೆ ಹೋಗಬಾರದು. ಕೊಯ್ಲಿನ ದಿನಗಳಲ್ಲಿ ಮಲಗೋ ಕೋಣೆ ಲೈಟ್ ಬೇಗ ಆರಿಸಿ, ಸೊಳ್ಳೆ ಪರದೆ ಕಟ್ಟಿ, ಮಲಗೋ ಮುಂಚೆ ದಿಂಬು, ಚಾದರ ಕೊಡವಿ. ಗುಳ್ಳೆ ಜಾಸ್ತಿ ಇದ್ದರೆ, ಕಣ್ಣಿಗೆ ಆಗಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಇರಲಿ. ಮೈಯ ಒಂದೇ ಪಕ್ಕದಲ್ಲಿ ಪಟ್ಟಿ ಹಾಗೆ ಗುಳ್ಳೆ ಬಂದು ಒಳಗಿಂದ ಚುಚ್ಚಿದಂತೆ ನೋವಿದ್ದರೆ ಅದು ಸರ್ಪಸುತ್ತು ಆಗಿರಬಹುದು. ನಮ್ಮ ಕಡೆ ಅಮ್ಮ ಆಗೋದು ಅಂತೀವಲ್ಲ, ಆ ಚಿಕನ್‌ಪಾಕ್ಸ್ ವೈರಸ್ಸೇ ಮೈಯಲ್ಲಿ ಉಳಿದು ಮತ್ತೆ ಏಳುವುದು. ಅದಕ್ಕೆ ಮಾತ್ರೆ ಇದೆ, ಆದರೆ ಗುಳ್ಳೆ ಕಂಡ 3 ದಿನದೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. "ಜೇಡ ಹರಿದಿದೆ" ಅಂತ ಸುಮ್ನೆ ಮಣ್ಣು, ಸೊಪ್ಪಿನ ರಸ ಹಚ್ಚಿಕೊಂಡು ಆ ದಿನಗಳನ್ನು ಕಳೆಯಬೇಡಿ.

ಪ್ರಶ್ನೆ: ಚಿತ್ರದುರ್ಗದಲ್ಲಿ ಪಿಜಿಯಲ್ಲಿದ್ದು ಓದ್ತಿದ್ದೀನಿ. ರೂಮಿನಲ್ಲಿ ಜೇಡ ಕಂಡರೆ ಕೈಕಾಲು ನಡುಗುತ್ತೆ, ಬೆವರುತ್ತೀನಿ. ಹೋದ ವಾರ ರಾತ್ರಿ ಇಡೀ ಕಾರಿಡಾರಿನಲ್ಲಿ ಕೂತಿದ್ದೆ. ಫ್ರೆಂಡ್ಸ್ ನಗ್ತಾರೆ, ರಬ್ಬರ್ ಜೇಡ ತಂದು ಬ್ಯಾಗಿಗೆ ಹಾಕ್ತಾರೆ. ನನಗೇನಾಗಿದೆ?

ಉತ್ತರ: ಮಗಳೇ, ನಿನಗೆ ನಾಚಿಕೆಪಡುವಂಥದ್ದು ಏನೂ ಆಗಿಲ್ಲ. ಜೇಡದ ಮುಂದೆ ಮನುಷ್ಯ ಬೆಚ್ಚುವುದು ಬಹಳ ಹಳೆಯದು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 6 ತಿಂಗಳ ಕೂಸುಗಳಿಗೆ ಹೂವಿನ ಚಿತ್ರ, ಜೇಡದ ಚಿತ್ರ ತೋರಿಸಿದರು. ಜೇಡ ಕಂಡಾಗ ಅವುಗಳ ಕಣ್ಣಿನ ಪಾಪೆ ಜಾಸ್ತಿ ಹಿಗ್ಗಿತು. ಆ ಕೂಸುಗಳಿಗೆ ಯಾರೂ ಭಯ ಕಲಿಸಿರಲಿಲ್ಲ. ಅದರ ಮೇಲೆ ಮನೆಯವರ ಕಿರುಚಾಟ, ಎಂದೋ ಮೈ ಮೇಲೆ ಬಿದ್ದ ನೆನಪು ಸೇರಿದರೆ ಕೆಲವರಲ್ಲಿ ಅದು ನಿನ್ನ ಹಾಗೆ ನಿದ್ದೆ ಕೆಡಿಸುವಷ್ಟು ಬೆಳೆಯುತ್ತದೆ.

ಬ್ಯಾಗಿಗೆ ರಬ್ಬರ್ ಜೇಡ ಹಾಕುವುದು ತಮಾಷೆ ಅಲ್ಲ, ಹಿಂಸೆ. ಹಾಗೆ ದಿಢೀರನೆ ಹೆದರಿಸಿದರೆ ಭಯ ಬಿಟ್ಟುಹೋಗುತ್ತದೆ ಅನ್ನುವುದು ತಪ್ಪು, ಇನ್ನೂ ಗಟ್ಟಿಯಾಗುತ್ತದೆ. ಈ ಸಾಲುಗಳನ್ನು ಅವರಿಗೆ ಓದಿಸು.

ಸಮಾಧಾನದ ವಿಷಯ ಅಂದರೆ, ಮನಸ್ಸಿನ ತೊಂದರೆಗಳಲ್ಲಿ ಬೇಗ ವಾಸಿಯಾಗುವಂಥದ್ದು ಇದು. ಲಾರ್ಸ್-ಗೋರನ್ ಓಸ್ಟ್ ಅನ್ನುವ ಸ್ವೀಡನ್ನಿನ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲೇ ಒಂದೇ ಸಲ, ಹೆಚ್ಚೆಂದರೆ 3 ಗಂಟೆ ಕೂತು ಕೊಡುವ ಚಿಕಿತ್ಸೆ ರೂಪಿಸಿದರು. ತತ್ವ ಸರಳ. ಭಯಪಡುವವರ ಒಪ್ಪಿಗೆ ಪಡೆದು, ಅವರು ಹೂಂ ಅಂದಷ್ಟೇ ಹತ್ತಿರಕ್ಕೆ, ಹೆಜ್ಜೆ ಹೆಜ್ಜೆಯಾಗಿ ಹೋಗುವುದು. ಎದೆಬಡಿತ ಇಳಿಯುವವರೆಗೂ ಅಲ್ಲೇ ನಿಲ್ಲುವುದು, ಓಡದಿರುವುದು. ಪ್ರತಿ ಸಲ ಓಡಿದಾಗ "ಓಡಿದ್ದಕ್ಕೇ ಉಳಿದೆ" ಅಂತ ಮನಸ್ಸು ಪಾಠ ಕಲಿಯುತ್ತದೆ. ನಿಂತಾಗ ಆ ಪಾಠ ಅಳಿಸುತ್ತದೆ.

ಇದನ್ನು ಈ ಚಿಕಿತ್ಸೆ ಕಲಿತವರ ಜತೆ ಮಾಡುವುದೇ ಒಳ್ಳೆಯದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಎಲ್ಲಿ ತೋರಿಸಬೇಕು ಅಂತ ಕೇಳು. ಅಲ್ಲಿಯವರೆಗೆ ರೂಮಿನ ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ಒತ್ತು, ಮಂಚ ಗೋಡೆಯಿಂದ ಒಂದು ಗೇಣು ಈಚೆ ಎಳೆದುಕೋ. ಸುಮ್ನೆ ನೋಡಿ ಅಭ್ಯಾಸ ಮಾಡಿಕೊಳ್ಳೋಕೆ ಅಂತ ಒಂದು ಜೇಡ ಬೇಕಾದರೆ, ಮುಂದಿನ ಪ್ರಶ್ನೆ ಕೇಳಿದ ಹುಡುಗನ ಜೇಡದಿಂದ ಶುರು ಮಾಡು. ಮೊದಲು ಅದನ್ನು ಓದಿದರೆ ಸಾಕು.

ಪ್ರಶ್ನೆ: ನಾನು ಹಿರಿಯೂರಿನಲ್ಲಿ 4ನೇ ಕ್ಲಾಸು. ನಮ್ಮ ಕಿಟಕಿ ಮೇಲೆ ಒಂದು ಸಣ್ಣ ಜೇಡ ಇದೆ. ನಾನು ಆ ಕಡೆ ಹೋದರೆ ಆ ಕಡೆ ತಿರುಗುತ್ತೆ, ಈ ಕಡೆ ಬಂದರೆ ಈ ಕಡೆ ತಿರುಗುತ್ತೆ. ಅದು ನನ್ನನ್ನ ನೋಡ್ತಿದೆಯಾ?

ಉತ್ತರ: ಹೌದು ಪುಟ್ಟ, ನಿನ್ನನ್ನೇ ನೋಡ್ತಿದೆ.

ಅದು ಜಿಗಿಯುವ ಜೇಡ. ಅದಕ್ಕೆ ಎಂಟು ಕಣ್ಣು. ಮುಂದಿನ ಎರಡು ದೊಡ್ಡವು, ಗಾಡಿ ಹೆಡ್‌ಲೈಟ್ ಇದ್ದ ಹಾಗೆ. ಪಕ್ಕದ, ಹಿಂದಿನ ಕಣ್ಣುಗಳಿಗೆ ಏನೋ ಅಲ್ಲಾಡಿದ್ದು ಗೊತ್ತಾದ ತಕ್ಷಣ ಇಡೀ ಮೈ ತಿರುಗಿಸಿ ದೊಡ್ಡ ಕಣ್ಣಿನಿಂದ "ಯಾರಿದು?" ಅಂತ ನೋಡುತ್ತದೆ. ತಿನ್ನುವಂಥದ್ದಾ, ಓಡಬೇಕಾದದ್ದಾ ಅಂತ ತೀರ್ಮಾನ ಮಾಡುವುದು ಆಮೇಲೆ. ನೊಣ ಕಂಡರೆ ಬೆಕ್ಕಿನ ಹಾಗೆ ಮೆಲ್ಲಗೆ ಹೋಗಿ ನೆಗೆಯುತ್ತದೆ. ನೆಗೆಯುವ ಮುಂಚೆ ನಿಂತ ಜಾಗಕ್ಕೆ ಒಂದು ನೂಲು ಅಂಟಿಸಿಕೊಳ್ಳುತ್ತದೆ, ಜಾರಿದರೆ ಅದನ್ನೇ ಹಿಡಿದು ಮೇಲೆ ಬರುತ್ತದೆ.

ನಾಳೆ ಬೆಳಿಗ್ಗೆ ಕಿಟಕಿಗೆ ಬಿಸಿಲು ಬಿದ್ದಾಗ ಒಂದು ಗೇಣು ದೂರದಲ್ಲಿ ಬೆರಳು ಹಿಡಿದು ನಿಧಾನಕ್ಕೆ ಎಡಕ್ಕೆ, ಬಲಕ್ಕೆ ಆಡಿಸು. ಮುಟ್ಟಬೇಡ. ಅದು ಬೆರಳನ್ನು ನೋಡುತ್ತಾ, ನಿನ್ನನ್ನು ನೋಡುತ್ತಾ, ಎಷ್ಟು ಸಲ ತಿರುಗಿತು ಅಂತ ಎಣಿಸಿ ನನಗೆ ಬರೆದು ಕಳಿಸು.